ಮೇಲ್ ಬರಲಿಲ್ಲ, ನೆಟ್ ಸಿಗಲಿಲ್ಲ ಅಂದಾಗ ಗಾಬರಿ ಬೇಡ

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಕಡೆಯ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಸಹಾಯಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆ ಬೇಗ ಎದ್ದು, ಡೈರಿಗೆ ಹಾಲು ಹಾಕಿ, ಮನೆಯವರಿಗೆಲ್ಲ ತಿಂಡಿ ಮಾಡಿಟ್ಟು, ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಹೊತ್ತಿನ ಬೆಲೆ ನನಗೆ ಗೊತ್ತು. ನನ್ನ ತಾಯಿಯೂ ಗುಬ್ಬಿ ತಾಲ್ಲೂಕಿನ ಒಂದು ಸಂಘದ ಸದಸ್ಯೆ. ವಾರಕ್ಕೆ ಹತ್ತು ರೂಪಾಯಿ ಉಳಿತಾಯ ಕಟ್ಟಿ, ಸಂಘದಿಂದ ಸಾಲ ತೆಗೆದು ನನ್ನನ್ನು ಓದಿಸಿದರು. ಆ ಓದಿನಿಂದಲೇ ನಾನು ತುಮಕೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡ್ತಾ ಇದ್ದೀನಿ.

ಕಂಪ್ಯೂಟರ್ ವಿಷಯ ನಮಗ್ಯಾಕೆ ಅಂತ ನೀವು ಕೇಳಬಹುದು. ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮಲ್ಲಿ ಎಷ್ಟು ಜನರ ಮಕ್ಕಳು ಕಾಲೇಜಿಗೆ ಹೋಗ್ತಾರೆ? ನೋಡಿ, ಅರ್ಧಕ್ಕೂ ಹೆಚ್ಚು ಕೈ ಎದ್ದವು. ಈಗ ಕಾಲೇಜಿಗೆ ಸೇರೋದು, ಪರೀಕ್ಷೆ ಶುಲ್ಕ ಕಟ್ಟೋದು, ಫಲಿತಾಂಶ ನೋಡೋದು ಎಲ್ಲ ಕಂಪ್ಯೂಟರಿನಲ್ಲೇ. ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಇದಕ್ಕಾಗಿ ಯುಯುಸಿಎಂಎಸ್ ಎಂಬ ವ್ಯವಸ್ಥೆ 2021ರಿಂದ ಬಂದಿದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ರಾಜ್ಯದ ಪೋರ್ಟಲ್ ಇದೆ. ಇವೆಲ್ಲಕ್ಕೂ ಒಂದು ಮೊಬೈಲ್ ನಂಬರ್ ಬೇಕು, ಸಾಮಾನ್ಯವಾಗಿ ಒಂದು ಇ-ಮೇಲ್ ವಿಳಾಸವೂ ಬೇಕು. ಆ ವಿಳಾಸ ಕೆಟ್ಟರೆ ಮಗುವಿನ ಓದಿಗೇ ತೊಂದರೆ ಆಗುತ್ತೆ.

ನಮ್ಮ ಮನೆಯಲ್ಲೇ ನಡೆದದ್ದು ಹೇಳ್ತೀನಿ. ನನ್ನ ಚಿಕ್ಕಮ್ಮನ ಮಗಳು ಕುಣಿಗಲ್ ಕಡೆಯ ಹಳ್ಳಿಯವಳು. ಪಿಯುಸಿಯಲ್ಲಿ ಒಳ್ಳೆಯ ನಂಬರ್ ತೆಗೆದಳು. ಹಾಸ್ಟೆಲ್‌ಗೆ ಅರ್ಜಿ ಹಾಕೋಕೆ ಒಂದು ಸೈಬರ್ ಅಂಗಡಿಗೆ ಹೋದಳು. ಇ-ಮೇಲ್ ಇಲ್ಲ ಅಂದಾಗ ಅಲ್ಲಿನ ಹುಡುಗ ಐದೇ ನಿಮಿಷದಲ್ಲಿ ಒಂದು ಮಾಡಿಕೊಟ್ಟ. ಪಾಸ್‌ವರ್ಡ್ ಅವನೇ ಹಾಕಿದ, ಫೋನ್ ನಂಬರ್ ಅವನದೇ ಕೊಟ್ಟ. ಇವಳು ದುಡ್ಡು ಕೊಟ್ಟು ಬಂದಳು. ಹಾಸ್ಟೆಲ್ ಸೀಟು ಸಿಕ್ಕಿದೆ, ಇಂಥ ದಿನದೊಳಗೆ ಬಂದು ದಾಖಲೆ ಕೊಡಿ ಅಂತ ಆ ವಿಳಾಸಕ್ಕೆ ಮೇಲ್ ಬಂತು. ಅದನ್ನು ತೆರೆಯೋಕೆ ಇವಳ ಹತ್ತಿರ ಪಾಸ್‌ವರ್ಡೇ ಇರಲಿಲ್ಲ. ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು, ಆ ಹುಡುಗ ಬೆಂಗಳೂರಿಗೆ ಹೋಗಿದ್ದ. ಗಡುವು ಮುಗಿದು ಸೀಟು ಬೇರೆಯವರಿಗೆ ಹೋಯ್ತು. ಒಂದು ವರ್ಷ ಪೂರ್ತಿ ಅವಳು ಕತ್ತಲಲ್ಲೇ ಎದ್ದು ಬಸ್ಸಿನಲ್ಲಿ ತುಮಕೂರಿಗೆ ಬಂದು ಕತ್ತಲಲ್ಲೇ ಮನೆ ಸೇರಿದಳು. ಮಳೆಗಾಲದಲ್ಲಿ ಚಿಕ್ಕಮ್ಮ ಟಾರ್ಚ್ ಹಿಡಿದು ಬಸ್ ಸ್ಟಾಪಿನಲ್ಲಿ ಕಾಯ್ತಾ ಇದ್ದರು.

ತಪ್ಪು ಆ ಹುಡುಗನದು ಮಾತ್ರ ಅಲ್ಲ. ನಾನು ದಿನಾ ಕಂಪ್ಯೂಟರ್ ಮುಂದೆ ಕೂತವಳು. ನಿನ್ನ ಮೇಲ್ ಯಾರ ನಂಬರಿನಲ್ಲಿದೆ ಅಂತ ಅವಳನ್ನು ಒಂದು ಮಾತು ಕೇಳಲಿಲ್ಲ. ಆ ಬೇಸರ ನನ್ನ ಮನಸ್ಸಿನಲ್ಲಿ ಇನ್ನೂ ಇದೆ. ಅದಕ್ಕೇ ಈ ವಿಷಯ ಮಾತಾಡಿ ಅಂತ ನೀವು ಕರೆದಾಗ ಕೂಡಲೇ ಒಪ್ಪಿಕೊಂಡೆ.

ಮೊದಲು ಇ-ಮೇಲ್ ಅಂದ್ರೆ ಏನು?

ಅಂಚೆ ಇದ್ದ ಹಾಗೆ. ವಿಳಾಸ ಇದೆ, ಡಬ್ಬಿ ಇದೆ, ಡಬ್ಬಿಗೆ ಬೀಗ ಇದೆ. ವಿಳಾಸದ ಮಧ್ಯೆ ಸುರುಳಿಯಂಥ ಒಂದು ಗುರುತು ಇರುತ್ತಲ್ಲ, ಅದನ್ನು 'ಅಟ್' ಅಂತಾರೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಇಂಜಿನಿಯರ್ ಆ ಗುರುತನ್ನು ಬಳಸಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಕಳಿಸಿದರು. ಗುರುತಿನ ಎಡಕ್ಕೆ ಇರೋದು ನಿಮ್ಮ ಹೆಸರು, ಬಲಕ್ಕೆ ಇರೋದು ನಿಮ್ಮ ಅಂಚೆ ಕಚೇರಿ. ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಸಂಸ್ಥೆಯಿಂದ. ಪಾಸ್‌ವರ್ಡ್ ಅಂದ್ರೆ ಡಬ್ಬಿಯ ಕೀಲಿ. ಕೀಲಿ ಕಳೆದುಹೋದರೆ ಹೊಸ ಕೀಲಿ ಮಾಡಿಸಲು ಒಂದು ಫೋನ್ ನಂಬರ್ ಕೊಟ್ಟಿರ್ತೀವಿ. ಈ ಫೋನ್ ನಂಬರ್ ಯಾರ ಕೈಯಲ್ಲಿದೆಯೋ ಡಬ್ಬಿ ಅವರದೇ ಅಂತ ತಿಳ್ಕೊಳ್ಳಿ.

ಸಂಘದ ಪೆಟ್ಟಿಗೆಯ ಕೀಲಿಯನ್ನು ದಾರಿಯಲ್ಲಿ ಹೋಗುವವರ ಕೈಗೆ ಕೊಡ್ತೀವಾ? ಇಲ್ಲ. ಹಾಗೇ ಇದೂ. ಸೈಬರ್ ಅಂಗಡಿಯಲ್ಲಿ ಮಾಡಿಸಿದರೂ ಪಾಸ್‌ವರ್ಡನ್ನು ಮಗಳೇ ಒತ್ತಲಿ, ಫೋನ್ ನಂಬರ್ ಮನೆಯದೇ ಇರಲಿ. ಎದ್ದು ಬರುವ ಮುಂಚೆ 'ಸೈನ್ ಔಟ್' ಮಾಡಲಿ.

ಮೇಲ್ ಬರಲಿಲ್ಲ ಅಂದಾಗ ನೋಡಬೇಕಾದ ಐದು ಜಾಗ

ಮೊದಲನೆಯದು, ವಿಳಾಸ. ಅರ್ಜಿಯಲ್ಲಿ ಬರೆದ ವಿಳಾಸ ಸರಿಯಾಗಿದೆಯಾ? ಒಂದು ಅಕ್ಷರ ತಪ್ಪಿದರೂ ಮೇಲ್ ತಲುಪೋದಿಲ್ಲ. 'ಜಿಮೇಲ್ ಡಾಟ್ ಕಾಮ್' ಅನ್ನೋ ಕಡೆ 'ಕಾನ್' ಅಂತ ಬಿದ್ದ ಎಷ್ಟೋ ಅರ್ಜಿಗಳನ್ನು ನಾನು ನೋಡಿದ್ದೀನಿ. ನಡುವೆ ಜಾಗ ಬಿಡಬಾರದು. ದೊಡ್ಡಕ್ಷರ ಚಿಕ್ಕಕ್ಷರ ಅಂತ ಜಿಮೇಲ್ ವಿಳಾಸದಲ್ಲಿ ಭೇದ ಇಲ್ಲ, ಆದರೆ ಪಾಸ್‌ವರ್ಡಿನಲ್ಲಿ ಭೇದ ಇದೆ. ನಮ್ಮ ಊರಿನ ಒಂದು ವಿಶೇಷ ಹೇಳ್ತೀನಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮ ಊರಿನ ಹೆಸರನ್ನು ತುಮಕೂರು ಅಂತಲೇ ಬರೀತಾರೆ. ಆದರೆ ಅದಕ್ಕೂ ಮುಂಚೆ ಶುರುವಾದ ಸಂಸ್ಥೆಗಳ ವಿಳಾಸದಲ್ಲಿ ಹಳೆಯ ಅಕ್ಷರಗಳೇ ಉಳಿದಿರಬಹುದು. ಆದ್ದರಿಂದ ನೀವು ಯಾರಿಗಾದರೂ ಮೇಲ್ ಕಳಿಸುವಾಗ ಅವರ ವಿಳಾಸವನ್ನು ಅಂದಾಜಿನ ಮೇಲೆ ಬರೀಬೇಡಿ, ನೋಟಿಸಿನಲ್ಲಿ ಇರುವ ಹಾಗೇ ಬರೆಯಿರಿ. ವಿಳಾಸ ತಪ್ಪಾದರೆ ಅಂಚೆಯವರು ಕಾಗದ ವಾಪಸ್ ಕಳಿಸುವ ಹಾಗೆ, 'ತಲುಪಲಿಲ್ಲ' ಅಂತ ಒಂದು ಮೇಲ್ ಕೂಡಲೇ ವಾಪಸ್ ಬರುತ್ತೆ. ಅದನ್ನು ಓದದೆ ಅಳಿಸಬೇಡಿ.

ಎರಡನೆಯದು, ಸ್ಪ್ಯಾಮ್. ಬೇಡದ ಜಾಹೀರಾತುಗಳನ್ನು ಮೇಲ್ ತಾನೇ ಬೇರೆ ಮಾಡಿ ಒಂದು ಮೂಲೆಗೆ ಹಾಕುತ್ತೆ. ನಾವು ರಾಗಿ ಕೇರುವಾಗ ಹೊಟ್ಟಿನ ಜೊತೆ ಎರಡು ಕಾಳೂ ಹಾರಿಹೋಗಲ್ವಾ, ಹಾಗೆ ಒಳ್ಳೆಯ ಮೇಲ್ ಕೂಡ ಅಲ್ಲಿಗೆ ಬೀಳುತ್ತೆ. ಜಿಮೇಲಿನಲ್ಲಿ ಸ್ಪ್ಯಾಮಿಗೆ ಬಿದ್ದದ್ದು 30 ದಿನಕ್ಕೆ ತಾನಾಗಿಯೇ ಅಳಿಸಿಹೋಗುತ್ತೆ. ಅರ್ಜಿ ಹಾಕಿದ ಮೇಲೆ ವಾರಕ್ಕೆ ಎರಡು ಸಲವಾದರೂ ಆ ಮೂಲೆ ನೋಡಬೇಕು. ಒಳ್ಳೆಯದು ಕಂಡರೆ 'ಸ್ಪ್ಯಾಮ್ ಅಲ್ಲ' ಅಂತ ಒತ್ತಿದರೆ ಮುಂದೆ ಸರಿಯಾದ ಜಾಗಕ್ಕೆ ಬರುತ್ತೆ. 'ಪ್ರಮೋಷನ್ಸ್', 'ಅಪ್‌ಡೇಟ್ಸ್' ಎಂಬ ಭಾಗಗಳಿದ್ದರೆ ಅವನ್ನೂ ನೋಡಿ.

ಮೂರನೆಯದು, ಡಬ್ಬಿ ತುಂಬಿರೋದು. ಜಿಮೇಲ್‌ನಲ್ಲಿ ಪುಕ್ಕಟೆಯಾಗಿ 15 ಜಿಬಿ ಜಾಗ ಸಿಗುತ್ತೆ. ಇದು ಮೇಲ್‌ಗೆ ಮಾತ್ರ ಅಲ್ಲ, ಫೋನಿನಿಂದ ಗೂಗಲ್‌ಗೆ ಸೇರುವ ಫೋಟೋ, ವಿಡಿಯೋಗಳಿಗೂ ಅದೇ ಜಾಗ. ಮದುವೆ, ನಾಮಕರಣ, ಊರ ಹಬ್ಬದ ವಿಡಿಯೋಗಳೆಲ್ಲ ಸೇರಿ ತುಂಬಿದರೆ ಹೊಸ ಮೇಲ್ ಒಳಗೆ ಬರೋದಿಲ್ಲ, ಕಳಿಸಿದವರಿಗೆ ವಾಪಸ್ ಹೋಗುತ್ತೆ. ನಮಗೆ ಗೊತ್ತೂ ಆಗಲ್ಲ. ಬೇಡದ ವಿಡಿಯೋಗಳನ್ನು ಅಳಿಸಿ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಇರುತ್ತೆ, ಬುಟ್ಟಿ ಖಾಲಿ ಮಾಡಿದರೆ ಮಾತ್ರ ಜಾಗ ಆಗೋದು. ಬೇಕಾದ ಫೋಟೋ ಮೊದಲು ಬೇರೆ ಕಡೆ ಇಟ್ಟುಕೊಂಡು ಆಮೇಲೆ ಅಳಿಸಿ. ಗೂಗಲ್‌ನಿಂದ ಅಳಿಸಿದರೆ ಫೋನಿನಿಂದಲೂ ಹೋಗಬಹುದು.

ನಾಲ್ಕನೆಯದು, ಫೋನಿನ ಸೆಟ್ಟಿಂಗ್. ಬ್ಯಾಟರಿ ಉಳಿಯಲಿ ಅಂತ 'ಬ್ಯಾಟರಿ ಸೇವರ್', ಡೇಟಾ ಉಳಿಯಲಿ ಅಂತ 'ಡೇಟಾ ಸೇವರ್' ಹಾಕಿರ್ತೀವಿ. ಆಗ ಮೇಲ್ ತಾನಾಗಿ ಬರೋದಿಲ್ಲ. ಮೇಲ್ ಆ್ಯಪ್ ತೆರೆದು ಬೆರಳಿನಿಂದ ಪರದೆಯನ್ನು ಕೆಳಕ್ಕೆ ಎಳೆದರೆ ಬಂದುಬಿಡುತ್ತೆ. 'ಸಿಂಕ್' ಎಂಬುದು ಆನ್ ಇದೆಯಾ ಅಂತಲೂ ನೋಡಿ. ಒಂದೇ ಫೋನಿನಲ್ಲಿ ಅಪ್ಪನದು, ಮಗನದು, ಮಗಳದು ಅಂತ ಮೂರು ವಿಳಾಸ ಇದ್ದರೆ ಯಾವುದು ತೆರೆದಿದೆ ಅಂತ ಮೊದಲು ನೋಡಬೇಕು. ಮೇಲ್ ಬಂದಿಲ್ಲ ಅಂತ ನನ್ನ ಹತ್ತಿರ ಅಳ್ತಾ ಬಂದ ಹುಡುಗಿಯೊಬ್ಬಳು ನೋಡ್ತಾ ಇದ್ದದ್ದು ಅಣ್ಣನ ಡಬ್ಬಿಯನ್ನು.

ಐದನೆಯದು, ಯಾವ ವಿಳಾಸ ಕೊಟ್ಟಿದ್ದೀವಿ ಅನ್ನೋದು. ಕೆಲವು ಕಾಲೇಜುಗಳು ತಮ್ಮದೇ ಹೆಸರಿನ ಮೇಲ್ ವಿಳಾಸ ಕೊಡ್ತವೆ. ಪಾಠ, ಹಾಜರಿ, ನೋಟ್ಸ್‌ಗೆ ಅದು ಸರಿ. ಆದರೆ ಓದು ಮುಗಿದ ಮೇಲೆ ಅದನ್ನು ಕಾಲೇಜಿನವರು ನಿಲ್ಲಿಸಬಹುದು. ಕೆಲಸದ ಅರ್ಜಿ, ಬ್ಯಾಂಕ್, ವಿದ್ಯಾರ್ಥಿವೇತನಕ್ಕೆ ಸ್ವಂತದ ವಿಳಾಸವನ್ನೇ ಕೊಡಬೇಕು. ಸ್ವಂತದ್ದನ್ನೂ ಮರೆತು ಬಿಡಬಾರದು. ಎರಡು ವರ್ಷ ಒಮ್ಮೆಯೂ ತೆರೆಯದ ಖಾತೆಯನ್ನು ಅಳಿಸಿ ಹಾಕಬಹುದು ಅಂತ ಗೂಗಲ್ 2023ರಲ್ಲಿ ನಿಯಮ ಮಾಡಿದೆ.

ಕಳಿಸೋಕೆ ಆಗ್ತಿಲ್ಲ ಅಂದ್ರೆ? ಹೆಚ್ಚಾಗಿ ಫೋಟೋಗಳ ಗಾತ್ರವೇ ಕಾರಣ. ಜಿಮೇಲಿನಲ್ಲಿ ಒಂದು ಸಲಕ್ಕೆ 25 ಎಂಬಿ ತನಕ ಮಾತ್ರ ಲಗತ್ತಿಸಬಹುದು. ಅರ್ಜಿ ಹಾಕುವ ಪೋರ್ಟಲ್‌ಗಳ ಮಿತಿ ಅದಕ್ಕಿಂತ ಬಹಳ ಕಡಿಮೆ ಇರುತ್ತೆ. ಜಾತಿ ಪ್ರಮಾಣಪತ್ರ, ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡುವ ಆ್ಯಪಿನಲ್ಲಿ ತೆಗೆದು, ಪಿಡಿಎಫ್ ಮಾಡಿ, ಚಿಕ್ಕದು ಮಾಡಿ ಹಾಕಿದರೆ ಹೋಗುತ್ತೆ.

ನೆಟ್ ಸಿಗಲಿಲ್ಲ ಅಂದಾಗ

ಇದನ್ನು ನಾಲೆಯ ನೀರಿನ ಲೆಕ್ಕದಲ್ಲಿ ನೋಡಿ. ಗೊರೂರು ಅಣೆಕಟ್ಟಿನಿಂದ ಹೇಮಾವತಿ ನೀರು ನಾಲೆಯಲ್ಲಿ ನಮ್ಮ ಜಿಲ್ಲೆಗೆ ಬರುತ್ತೆ. ಬುಗುಡನಹಳ್ಳಿ ಕೆರೆಗೆ ಬಂದು ತುಮಕೂರಿನವರ ನಲ್ಲಿಗೆ ಹೋಗುತ್ತೆ. ಕುಣಿಗಲ್‌ನವರು ನಾಲೆಯ ಕೊನೆಯಲ್ಲಿ ಕಾಯ್ತಾರೆ. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದ್ರೆ ನಾವು ಏನು ಮಾಡ್ತೀವಿ? ಮೊದಲು ಪಕ್ಕದ ಮನೆಯವರನ್ನು ಕೇಳ್ತೀವಿ, 'ಅಕ್ಕಾ, ನಿಮಗೆ ನೀರು ಬಂತಾ?' ಅವರಿಗೆ ಬಂದಿದ್ದರೆ ನಮ್ಮ ನಲ್ಲಿ ಕೆಟ್ಟಿದೆ. ಯಾರಿಗೂ ಬಂದಿಲ್ಲ ಅಂದ್ರೆ ಮೇಲೆಲ್ಲೋ ನಿಂತಿದೆ. ನೆಟ್‌ಗೂ ಇದೇ ಮೊದಲ ಪ್ರಶ್ನೆ. ಕ್ಯಾಂಪಸ್ಸಿನಲ್ಲಾಗಲಿ, ಹಾಸ್ಟೆಲಿನಲ್ಲಾಗಲಿ ಪಕ್ಕದವಳನ್ನು ಕೇಳಲಿ. ಎಲ್ಲರಿಗೂ ಇಲ್ಲ ಅಂದ್ರೆ ಫೋನನ್ನು ತಿರುವಿ ಪ್ರಯೋಜನ ಇಲ್ಲ, ಆಫೀಸಿಗೆ ಹೇಳಬೇಕು. ತನಗೊಬ್ಬಳಿಗೇ ಇಲ್ಲ ಅಂದ್ರೆ ಹೀಗೆ ನೋಡಲಿ:

ಒಂದು, ವಿಮಾನದ ಗುರುತು ಇರುವ 'ಏರೋಪ್ಲೇನ್ ಮೋಡ್' ಆನ್ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಒಂದು ಸಲ ಆನ್ ಮಾಡಿ, ಹತ್ತು ಎಣಿಸಿ, ಆಫ್ ಮಾಡಿ. ಆಗಲೂ ಬರದಿದ್ದರೆ ಫೋನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ. ಎಷ್ಟೋ ತೊಂದರೆ ಇಷ್ಟಕ್ಕೇ ಮುಗಿಯುತ್ತೆ.

ಎರಡು, ಕಾಲೇಜಿನ ವೈ-ಫೈಗೆ ಸೇರಿದ ಮೇಲೂ ಒಂದು ಪುಟ ಬಂದು ರಿಜಿಸ್ಟರ್ ನಂಬರ್, ಪಾಸ್‌ವರ್ಡ್ ಕೇಳುತ್ತೆ. ಗೇಟು ದಾಟಿದ ಮೇಲೆ ಪುಸ್ತಕದಲ್ಲಿ ಹೆಸರು ಬರೆಸಿದ ಹಾಗೆ. ಆ ಪುಟ ತಾನಾಗಿ ಬರದಿದ್ದರೆ ಮೊಬೈಲ್ ಡೇಟಾ ಆರಿಸಿ, ಬ್ರೌಸರ್‌ನಲ್ಲಿ ಯಾವುದಾದರೂ ಒಂದು ವೆಬ್ ವಿಳಾಸ ಒತ್ತಿದರೆ ಬರುತ್ತೆ. 'ವಿಪಿಎನ್' ಹಾಕಿದ್ದರೆ ತೆಗೆಯಬೇಕು.

ಮೂರು, ಪಾಸ್‌ವರ್ಡ್ ಬದಲಾಗಿದ್ದರೆ ಫೋನು ಹಳೆಯದನ್ನೇ ಹಿಡಿದುಕೊಂಡು ಕೂತಿರುತ್ತೆ. ವೈ-ಫೈ ಹೆಸರಿನ ಮೇಲೆ ಒತ್ತಿ 'ಫರ್ಗೆಟ್' ಅಂದ್ರೆ ಮರೆತುಬಿಡು ಅಂತ ಕೊಟ್ಟು, ಹೊಸದಾಗಿ ಸೇರಬೇಕು.

ನಾಲ್ಕು, ದಿನಾಂಕ ಮತ್ತು ಸಮಯ. ಬ್ಯಾಟರಿ ಪೂರ್ತಿ ಸತ್ತು ಎದ್ದ ಹಳೆಯ ಫೋನುಗಳಲ್ಲಿ ತಾರೀಖು ತಪ್ಪಿರುತ್ತೆ. ಆಗ ವೈ-ಫೈ ಚೆನ್ನಾಗಿದ್ದರೂ 'ಸಂಪರ್ಕ ಸುರಕ್ಷಿತವಾಗಿಲ್ಲ' ಅಂತ ಹೇಳಿ ಯಾವ ಪುಟವೂ ತೆರೆಯಲ್ಲ. ಸೆಟ್ಟಿಂಗಿನಲ್ಲಿ ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಹಾಗೆ ಇಟ್ಟರೆ ಸರಿಯಾಗುತ್ತೆ.

ಐದು, ಕೆಲವು ಕಾಲೇಜುಗಳಲ್ಲಿ ಫೋನಿನ 'ಮ್ಯಾಕ್' ನಂಬರ್ ಬರೆಸಿಕೊಂಡು ವೈ-ಫೈ ಕೊಡ್ತಾರೆ. ಹೊಸ ಫೋನುಗಳು ಗುಟ್ಟು ಕಾಪಾಡಲು ಒಂದೊಂದು ವೈ-ಫೈಗೆ ಒಂದೊಂದು ನಂಬರ್ ತೋರಿಸ್ತವೆ. ಬರೆಸಿದ ನಂಬರೇ ಒಂದು, ತೋರಿಸಿದ್ದೇ ಇನ್ನೊಂದು ಆದಾಗ ಒಳಗೆ ಬಿಡಲ್ಲ. ಕಾಲೇಜಿನ ವೈ-ಫೈ ಸೆಟ್ಟಿಂಗಿನಲ್ಲಿ ಫೋನಿನ ನಿಜವಾದ ಮ್ಯಾಕ್ ನಂಬರನ್ನೇ ಬಳಸು ಅಂತ ಆರಿಸಿದರೆ ಸರಿಯಾಗುತ್ತೆ. ಒಬ್ಬರಿಗೆ ಎರಡೇ ಫೋನು ಅಂತ ಮಿತಿ ಇದ್ದರೆ, ಹಳೆಯ ಫೋನನ್ನು ಪಟ್ಟಿಯಿಂದ ತೆಗೆಸಬೇಕು.

ಆರು, ಜಾಗ. ವೈ-ಫೈ ಡಬ್ಬಿಗಳಲ್ಲಿ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಅಲೆಗಳು ಇರುತ್ತವೆ. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ದಾಟೋದು ಕಷ್ಟ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತೆ. ಮೂಲೆಯ ಕೋಣೆಯವರು 2.4ಕ್ಕೆ ಸೇರಲಿ, ಇಲ್ಲವೇ ಡಬ್ಬಿಯ ಹತ್ತಿರ ಬರಲಿ. ರಾತ್ರಿ ಊಟ ಆದ ಮೇಲೆ ಹಾಸ್ಟೆಲಿನವರೆಲ್ಲ ಒಟ್ಟಿಗೆ ವಿಡಿಯೋ ನೋಡ್ತಾರೆ, ಆಗ ಎಲ್ಲರಿಗೂ ನಿಧಾನ. ಅರ್ಜಿ ಹಾಕುವ ಕೆಲಸ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಲಿ.

ಮನೆಗೋ ಪಂಚಾಯಿತಿಗೋ ಬಂದ ಫೈಬರ್ ಲೈನ್ ಆದರೆ ಡಬ್ಬಿಯ ದೀಪ ನೋಡಿ. 'ಎಲ್‌ಒಎಸ್' ಅಂತ ಬರೆದ ಕಡೆ ಕೆಂಪು ದೀಪ ಉರಿದರೆ ಅಥವಾ ಮಿನುಗಿದರೆ ಹೊರಗಿನ ತಂತಿಯಲ್ಲೇ ಬೆಳಕು ಬರ್ತಿಲ್ಲ ಅಂತ ಅರ್ಥ. ಎಲ್ಲೋ ಜೆಸಿಬಿಯವರು ಅಗೆದಿರಬಹುದು, ಕೊಂಬೆ ಬಿದ್ದಿರಬಹುದು. ಆಗ ಲೈನ್ ಕೊಟ್ಟವರಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು, ಅದನ್ನೇ ಈಗ ಭಾರತ್‌ನೆಟ್ ಅಂತಾರೆ. ನಮ್ಮ ಪಂಚಾಯಿತಿಯಲ್ಲಿ ಅದು ನಡೀತಾ ಇದೆಯಾ, ಕೆಟ್ಟು ನಿಂತಿದೆಯಾ ಅಂತ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ನೀರು, ಬೀದಿದೀಪ ಕೇಳಿದ ಹಾಗೇ ಇದನ್ನೂ ಕೇಳಿ.

ಕೊನೆ ದಿನ ಪೋರ್ಟಲ್ಲೇ ತೆರೆಯಲ್ಲ ಅಂತ ಮಕ್ಕಳು ಅಳ್ತಾರೆ. ಅದು ನಮ್ಮ ನೆಟ್ ತಪ್ಪಲ್ಲ, ಎಲ್ಲರೂ ಒಟ್ಟಿಗೆ ನುಗ್ಗಿದ್ದರಿಂದ. ಗಡುವಿಗೆ ಒಂದು ವಾರ ಮುಂಚೆ ಹಾಕಿಸಿ. ಆಗಲೂ ತೊಂದರೆ ಬಂದರೆ, ತಾರೀಖು ಸಮಯ ಕಾಣುವ ಹಾಗೆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ, ಕಾಲೇಜಿನ ಆಫೀಸಿಗೆ ಬರವಣಿಗೆಯಲ್ಲಿ ತಿಳಿಸಿ. ನಾಳೆ ವಾದ ಬಂದರೆ ಅದೇ ನಮ್ಮ ಸಾಕ್ಷಿ.

ಮೋಸದ ಮೇಲ್

'ನಿಮ್ಮ ಡಬ್ಬಿ ತುಂಬಿದೆ, ಇಲ್ಲಿ ಒತ್ತಿ', 'ನಿಮ್ಮ ಮಗನಿಗೆ ವಿದ್ಯಾರ್ಥಿವೇತನ ಬಂದಿದೆ, ಒಟಿಪಿ ಹೇಳಿ' ಅಂತ ಬರುತ್ತೆ. ತೊಂದರೆಯಲ್ಲಿದ್ದಾಗ ಇಂಥದ್ದು ಬಂದರೆ ನಂಬಿಬಿಡ್ತೀವಿ. ಒಟಿಪಿಯನ್ನು, ಪಾಸ್‌ವರ್ಡನ್ನು ಯಾರು ಕೇಳಿದರೂ ಹೇಳಬೇಡಿ, ನಾನು ಕೇಳಿದರೂ ಹೇಳಬೇಡಿ. ದುಡ್ಡು ಹೋಯಿತು ಅಂತ ಗೊತ್ತಾದ ಗಳಿಗೆಯಲ್ಲೇ 1930 ನಂಬರಿಗೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಗಂಡ ಬೈತಾರೆ, ನಾಲ್ಕು ಜನ ನಗ್ತಾರೆ ಅಂತ ಮುಚ್ಚಿಟ್ಟರೆ ಹೊತ್ತು ಹೋಗುತ್ತೆ, ಹೊತ್ತು ಹೋದಷ್ಟೂ ದುಡ್ಡು ಸಿಗೋದು ಕಷ್ಟ.

ಇನ್ನೊಂದು ಎಚ್ಚರ. ತಿಂಗಳುಗಟ್ಟಲೆ ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿಯವರು ನಿಲ್ಲಿಸಿ, ಆಮೇಲೆ ಬೇರೆಯವರಿಗೆ ಕೊಡ್ತಾರೆ. ಆಗ ನಿಮ್ಮ ಒಟಿಪಿ ಅವರಿಗೆ ಹೋಗುತ್ತೆ. ನಂಬರ್ ಬದಲಾಯಿಸುವ ಮುಂಚೆ ಮೇಲ್, ಬ್ಯಾಂಕ್, ಆಧಾರ್ ಮೂರರಲ್ಲೂ ಹೊಸ ನಂಬರ್ ಹಾಕಿಸಿ.

ಸಂಘದಲ್ಲಿ ನಾವೇನು ಮಾಡಬಹುದು?

ಎಷ್ಟೋ ಸಂಘಗಳಿಗೆ ಈಗ ಸಂಘದ ಹೆಸರಿನಲ್ಲೇ ಮೇಲ್ ವಿಳಾಸ ಇದೆ. ಅದನ್ನು ಮಾಡಿಕೊಟ್ಟವರು ಯಾರು, ಯಾರ ನಂಬರ್ ಇದೆ ಅಂತ ಮುಂದಿನ ಸಭೆಯಲ್ಲೇ ಕೇಳಿ. ಪ್ರತಿನಿಧಿಗಳು ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಾಯಿಸ್ತೀವಿ, ಮೇಲ್‌ನ ನಂಬರನ್ನು ಮಾತ್ರ ಮರೆತುಬಿಡ್ತೀವಿ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಪೆಟ್ಟಿಗೆಯಲ್ಲಿಡಿ. ವಿಳಾಸವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಪಾಸ್‌ವರ್ಡನ್ನು ಅಲ್ಲಿ ಬರೀಬೇಡಿ.

ಎರಡನೆಯ ಮಾತು. ಕಾಲೇಜಿಗೆ ಹೋಗುವ ಮಕ್ಕಳಿರುವ ಸದಸ್ಯರು ಜೂನ್ ತಿಂಗಳಲ್ಲಿ ಒಂದು ದಿನ ಮಕ್ಕಳನ್ನು ಸಂಘದ ಸಭೆಗೆ ಕರೆದುಕೊಂಡು ಬನ್ನಿ. ನಾಲ್ಕೇ ಪ್ರಶ್ನೆ ಕೇಳಿ. ನಿನ್ನ ಮೇಲ್ ವಿಳಾಸ ಏನು? ಪಾಸ್‌ವರ್ಡ್ ನಿನಗೆ ಗೊತ್ತಾ? ಅದರಲ್ಲಿ ಯಾರ ಫೋನ್ ನಂಬರ್ ಇದೆ? ಈ ವಾರ ಸ್ಪ್ಯಾಮ್ ನೋಡಿದೆಯಾ? ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ, ಕಂಪ್ಯೂಟರ್ ಮುಟ್ಟಬೇಕಾಗಿಲ್ಲ. ಉಳಿತಾಯ ಕಟ್ಟಿದೆಯಾ ಅಂತ ಒಬ್ಬರನ್ನೊಬ್ಬರು ಕೇಳುವ ಅಭ್ಯಾಸ ನಿಮಗಿದೆ. ಅದೇ ರೀತಿ ಇದನ್ನೂ ಕೇಳಿ.

ನನ್ನ ಚಿಕ್ಕಮ್ಮನ ಮಗಳಿಗೆ ಮುಂದಿನ ವರ್ಷ ಹಾಸ್ಟೆಲ್ ಸಿಕ್ಕಿತು. ಈ ಸಲ ಅವಳದೇ ವಿಳಾಸ, ಅವಳಮ್ಮನದೇ ಫೋನ್ ನಂಬರ್. ಓದು ಬಾರದ ನನ್ನ ಚಿಕ್ಕಮ್ಮ ಈಗ ಪಕ್ಕದ ಮನೆಯ ಹುಡುಗಿಗೂ ಹೇಳ್ತಾರೆ, 'ನಂಬರ್ ನಿಮ್ಮಮ್ಮನದೇ ಕೊಡವ್ವ' ಅಂತ. ಆ ಒಂದು ಮಾತು ಪ್ರತಿ ಮನೆಯಲ್ಲೂ ಬಂದರೆ ಇವತ್ತು ನಾನು ಇಲ್ಲಿಗೆ ಬಂದದ್ದು ಸಾರ್ಥಕ.

ಫೋನ್ ತಂದಿರುವವರು ಊಟ ಆದ ಮೇಲೆ ನನ್ನ ಹತ್ತಿರ ಬನ್ನಿ, ಒಂದೊಂದಾಗಿ ಕೂತು ನೋಡೋಣ.